ಗಾಳಿಯ ಕಾವಲು: ಭಾರಿ ವಾಹನಗಳ ಏರ್ ಬ್ರೇಕಿನಲ್ಲಿ ರಕ್ಷಣಾ ಕವಾಟದ ಪಾಲನೆ

ರಾಯಚೂರು ಜಿಲ್ಲೆಯ ರಸ್ತೆಗಳಲ್ಲಿ ಓಡಾಡುವ ಭಾರಿ ವಾಹನಗಳ ಹೊರೆ ಹಂಗಾಮಿಗೆ ತಕ್ಕಂತೆ ಬದಲಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಮಾನ್ವಿ ಭಾಗದ ಭತ್ತ ಗಿರಣಿಗಳ ಕಡೆಗೆ ಹೊರಡುವ ವಾರಗಳಲ್ಲಿ ಲಾರಿಗಳು ಹಗಲು ರಾತ್ರಿಯೆನ್ನದೆ ತಿರುಗುತ್ತವೆ. ದೇವದುರ್ಗದ ಕಡೆಯಿಂದ ಹತ್ತಿ ರಾಯಚೂರಿನ ಮಾರುಕಟ್ಟೆಗೆ ಬರುತ್ತದೆ, ಕೃಷ್ಣೆಯ ಮರಳು ಟಿಪ್ಪರುಗಳಲ್ಲಿ ಹೋಗುತ್ತದೆ. ಶಕ್ತಿನಗರದ 1720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರದಿಂದಲೂ ಯರಮರಸ್‌ನ 1600 ಮೆಗಾವಾಟ್ ಕೇಂದ್ರದಿಂದಲೂ ಹೊರಬೀಳುವ ಹಾರುಬೂದಿಯನ್ನು ಬಲ್ಕರ್‌ಗಳೆಂಬ ಮುಚ್ಚಿದ ಟ್ಯಾಂಕಿನ ವಾಹನಗಳು ಸಿಮೆಂಟ್ ಕಾರ್ಖಾನೆಗಳಿಗೆ ಸಾಗಿಸುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಮಾಡಿದ ತಿದ್ದುಪಡಿಯ ಪ್ರಕಾರ ಹತ್ತು ಗಾಲಿಯ ಲಾರಿಯೊಂದು ತನ್ನ ತೂಕವೂ ಸೇರಿ 28.5 ಟನ್ ಭಾರದೊಡನೆ ರಸ್ತೆಗೆ ಇಳಿಯಬಹುದಾಗಿದ್ದು, ಇಷ್ಟು ಭಾರವನ್ನು ನಿಲ್ಲಿಸುವ ಬಲವು ಚಾಲಕನ ಕಾಲಿನಿಂದ ಬರುವಂಥದಲ್ಲ, ಅದು ಚಾಸಿಯ ಅಡಿಯ ಟ್ಯಾಂಕುಗಳಲ್ಲಿ ಒತ್ತಿ ತುಂಬಿಟ್ಟ ಗಾಳಿಯಿಂದ ಬರುತ್ತದೆ. ಆ ಗಾಳಿಯನ್ನು ಹಂಚುವ, ಒಂದು ಕಡೆ ಸೋರಿದಾಗ ಉಳಿದ ಕಡೆಯದನ್ನು ಉಳಿಸುವ ಒಂದು ಸಣ್ಣ ಉಪಕರಣವೇ ಈ ಭಾಷಣದ ವಿಷಯ. ಪುಸ್ತಕಗಳಲ್ಲಿ ಅದಕ್ಕೆ ಒತ್ತಡ ರಕ್ಷಣಾ ಕವಾಟವೆಂದು ಹೆಸರು. ಗ್ಯಾರೇಜುಗಳಲ್ಲಿ ಪ್ರೊಟೆಕ್ಷನ್ ವಾಲ್ವ್, ಫೋರ್ ವೇ ವಾಲ್ವ್ ಎಂದು ಕರೆಯುತ್ತಾರೆ.

ಏರ್ ಬ್ರೇಕಿನ ವ್ಯವಸ್ಥೆಯಲ್ಲಿ ಗಾಳಿಯ ದಾರಿ ಹೀಗಿರುತ್ತದೆ. ಎಂಜಿನ್ನಿಗೆ ಜೋಡಿಸಿದ ಕಂಪ್ರೆಸರ್ ಹೊರಗಿನ ಗಾಳಿಯನ್ನು ಎಳೆದು ಒತ್ತುತ್ತದೆ; ಆ ಬಿಸಿ ಗಾಳಿ ಕೊಳವೆಯಲ್ಲಿ ತಣಿಯುತ್ತ ಏರ್ ಡ್ರೈಯರ್ ಎಂಬ ತೇವ ಹೀರುವ ಡಬ್ಬಿಯನ್ನು ಹಾದು ರಕ್ಷಣಾ ಕವಾಟಕ್ಕೆ ಬರುತ್ತದೆ; ಅಲ್ಲಿಂದ ನಾಲ್ಕು ದಾರಿಗಳಾಗಿ ಕವಲೊಡೆದು ಒಂದು ಮುಂದಿನ ಗಾಲಿಗಳ ಬ್ರೇಕಿಗೆ, ಇನ್ನೊಂದು ಹಿಂದಿನ ಗಾಲಿಗಳ ಬ್ರೇಕಿಗೆ, ಮತ್ತೊಂದು ಹ್ಯಾಂಡ್ ಬ್ರೇಕಿಗೆ, ಕೊನೆಯದು ಕ್ಲಚ್ ಬೂಸ್ಟರ್, ಎಕ್ಸಾಸ್ಟ್ ಬ್ರೇಕ್, ಹಾರ್ನ್ ಮುಂತಾದ ಇತರ ಉಪಯೋಗಗಳಿಗೆ ಸಾಗುತ್ತದೆ. ಕವಾಟದ ಮೈಮೇಲೆ ಒಳಬರುವ ತೂತಿನ ಬಳಿ 1 ಎಂದೂ ಹೊರಹೋಗುವ ತೂತುಗಳ ಬಳಿ 21, 22, 23, 24 ಎಂದೂ ಅಂಕಿಗಳನ್ನು ಅಚ್ಚೊತ್ತಿರುತ್ತಾರೆ. ಇವು ಅಂತರರಾಷ್ಟ್ರೀಯ ಮಾನಕದ ಅಂಕಿಗಳಾಗಿದ್ದು, 21 ಮತ್ತು 22 ಕಾಲ್ಬ್ರೇಕಿನ ಎರಡು ದಾರಿಗಳನ್ನೂ 23 ಸಾಮಾನ್ಯವಾಗಿ ಹ್ಯಾಂಡ್ ಬ್ರೇಕನ್ನೂ 24 ಇತರ ಉಪಯೋಗಗಳನ್ನೂ ಸೂಚಿಸುತ್ತವೆ. ಕವಾಟ ಬಿಚ್ಚಿ ಮರಳಿ ಕೂಡಿಸುವಾಗ ಪೈಪುಗಳು ಅದಲುಬದಲಾದರೂ ಲಾರಿ ಓಡುತ್ತದೆ, ಬ್ರೇಕೂ ಹಿಡಿಯುತ್ತದೆ; ಹಾರ್ನಿನ ಪೈಪಿಗೂ ಬ್ರೇಕಿನ ಪೈಪಿಗೂ ಸ್ಥಾನಪಲ್ಲಟವಾಗಿದೆ ಎಂಬುದು ಮಾತ್ರ ಹೊರಗೆ ಕಾಣುವುದಿಲ್ಲ. ಆದ್ದರಿಂದ ಬಿಚ್ಚುವ ಮೊದಲೇ ಪ್ರತಿ ಪೈಪಿಗೂ ಅಂಕಿ ಬರೆದ ಚೀಟಿ ಕಟ್ಟುವುದು ಒಳ್ಳೆಯ ಫಿಟ್ಟರನ ಲಕ್ಷಣ.

ಮಾನ್ವಿ ಭಾಗದ ರೈತರಿಗೆ ಈ ಕವಾಟದ ಕೆಲಸವನ್ನು ತಿಳಿಸಲು ಅವರ ಕಾಲುವೆಯ ಮಾತೇ ಸಾಕು. ಒಂದು ಉಪಕಾಲುವೆಗೆ ಬೋಂಗಾ, ಅಂದರೆ ಒಡಕು, ಬಿದ್ದಾಗ ಅದರ ತೂಬನ್ನು ಇಳಿಸದೆ ಹೋದರೆ ಮುಖ್ಯ ಕಾಲುವೆಯ ನೀರೆಲ್ಲ ಆ ಒಡಕಿನಲ್ಲೇ ಹರಿದು ಕೊನೆ ಭಾಗದವರ ಹೊಲ ಒಣಗುತ್ತದೆ. ರಕ್ಷಣಾ ಕವಾಟದಲ್ಲಿ ನಾಲ್ಕು ದಾರಿಗೂ ಒಂದೊಂದು ತೂಬಿದ್ದು, ಅವುಗಳನ್ನು ಇಳಿಸುವುದಕ್ಕೆ ಸ್ಪ್ರಿಂಗುಗಳಿವೆ ಎಂಬುದೊಂದೇ ವ್ಯತ್ಯಾಸ.

ಸ್ಪ್ರಿಂಗಿನ ಈ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಪಾಲನೆಯ ತಪ್ಪುಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ. ಪ್ರತಿ ದಾರಿಯ ಬಾಯಲ್ಲಿ ಒಂದು ರಬ್ಬರಿನ ಪೊರೆ, ಅಂದರೆ ಡಯಾಫ್ರಂ, ಒಂದು ಲೋಹದ ಅಂಚಿನ ಮೇಲೆ ಕುಳಿತಿರುತ್ತದೆ, ಅದನ್ನು ಮೇಲಿನಿಂದ ಸ್ಪ್ರಿಂಗು ಒತ್ತಿ ಹಿಡಿದಿರುತ್ತದೆ. ಮುಚ್ಚಿದ ಸ್ಥಿತಿಯಲ್ಲಿ ಒಳಬರುವ ಗಾಳಿಯು ಪೊರೆಯ ನಡುವಿನ ಸಣ್ಣ ವಿಸ್ತೀರ್ಣವನ್ನು ಮಾತ್ರ ತಳ್ಳಬಲ್ಲದು, ಹಾಗಾಗಿ ಪೊರೆ ಏಳಬೇಕಾದರೆ ಹೆಚ್ಚಿನ ಒತ್ತಡ ಬೇಕು. ಒಮ್ಮೆ ಎದ್ದ ಮೇಲೆ ಗಾಳಿಗೆ ಪೊರೆಯ ಇಡೀ ಅಗಲ ಸಿಗುವುದರಿಂದ ಅದಕ್ಕಿಂತ ಕಡಿಮೆ ಒತ್ತಡದಲ್ಲೂ ದಾರಿ ತೆರೆದೇ ಇರುತ್ತದೆ. ಮೊದಲನೆಯದಕ್ಕೆ ತೆರೆಯುವ ಒತ್ತಡವೆಂದೂ, ಪೊರೆ ಮತ್ತೆ ಕೂರುವ ಮಟ್ಟಕ್ಕೆ ಮುಚ್ಚುವ ಒತ್ತಡವೆಂದೂ ಹೆಸರು. ಸುಮಾರು 8 ಬಾರ್‌ಗೆ ಹೊಂದಿಸಿದ ಹಳೆಯ ವ್ಯವಸ್ಥೆಗಳಲ್ಲಿ ತೆರೆಯುವ ಒತ್ತಡ 7 ಬಾರ್‌ನ ಆಸುಪಾಸಿನಲ್ಲಿಯೂ ಮುಚ್ಚುವ ಒತ್ತಡ ನಾಲ್ಕೂವರೆಯಿಂದ 6 ಬಾರ್‌ನ ನಡುವೆಯೂ ಇರುವುದು ವಾಡಿಕೆ. ಬಾರ್ ಎಂದರೆ ಸರಿಸುಮಾರು ನಮ್ಮ ಸುತ್ತಲಿನ ವಾತಾವರಣದ ಒಂದು ಪಟ್ಟು ಒತ್ತಡ, ಟೈರಿನ ಲೆಕ್ಕದಲ್ಲಿ 14.5 ಪೌಂಡು. ಹೊಸ ವಾಹನಗಳಲ್ಲಿ ವ್ಯವಸ್ಥೆಯ ಒತ್ತಡ 10 ಬಾರ್ ದಾಟುವುದೂ ಉಂಟಾದ್ದರಿಂದ ಪ್ರತಿ ವಾಹನದ ನಿಜವಾದ ಅಂಕಿಯನ್ನು ಅದರ ತಯಾರಕರ ಕೈಪಿಡಿಯಲ್ಲೇ ನೋಡಬೇಕು.

ಮುಂದಿನ ಗಾಲಿಯ ಒಂದು ಪೈಪು ಒಡೆಯಿತೆಂದು ಇಟ್ಟುಕೊಳ್ಳೋಣ. ಆ ದಾರಿಯ ಗಾಳಿ ಪೂರ್ತಿ ಹೋಗುತ್ತದೆ. ಉಳಿದ ದಾರಿಗಳ ಒತ್ತಡವೂ ಅದರೊಡನೆ ಮುಚ್ಚುವ ಮಟ್ಟದವರೆಗೆ ಇಳಿಯಬಹುದು, ಆದರೆ ಅಲ್ಲಿಗೆ ಪೊರೆ ಕೂತು ಒಡಕನ್ನು ಬೇರ್ಪಡಿಸುತ್ತದೆ. ಎಂಜಿನ್ ಓಡುತ್ತಿದ್ದರೆ ಕಂಪ್ರೆಸರ್ ಉಳಿದ ದಾರಿಗಳನ್ನು ಮತ್ತೆ ತುಂಬುತ್ತ ಹೋಗಿ, ಒಡೆದ ದಾರಿಯ ತೆರೆಯುವ ಒತ್ತಡವನ್ನು ಮುಟ್ಟಿದ ಕ್ಷಣ ಹೆಚ್ಚಿನ ಗಾಳಿ ಆ ಒಡಕಿನಲ್ಲಿ ಹೊರಟುಹೋಗುತ್ತದೆ, ಉಳಿದದ್ದು ಆ ಮಟ್ಟದಲ್ಲಿ ನಿಲ್ಲುತ್ತದೆ. ಹೀಗೆ ಒಂದು ಕಡೆ ಪೈಪು ಹರಿದ ಲಾರಿಯೂ ಸುಮಾರು 7 ಬಾರ್ ಗಾಳಿಯೊಡನೆ ಹಿಂದಿನ ಗಾಲಿಗಳ ಬ್ರೇಕನ್ನು ನಂಬಿ ರಸ್ತೆಯಂಚಿಗೆ ಬಂದು ನಿಲ್ಲಬಹುದು. ಅಂಥ ಸ್ಥಿತಿಯಲ್ಲಿ ಚಾಲಕನಿಗೆ ಸಿಗುವ ಸುಳಿವು ಎರಡು. ಒಂದು, ಗಾಳಿ ತುಂಬಿದಾಗಲೆಲ್ಲ ಕೇಳಿಬರುವ ‘ಫುಸ್’ ಎಂಬ ಸದ್ದು, ಅಂದರೆ ತುಂಬಿದ ಮೇಲೆ ಕಂಪ್ರೆಸರನ್ನು ಬಿಡುವು ಮಾಡಿಸುವ ಅನ್‌ಲೋಡರಿನ ಸದ್ದು, ನಿಂತುಹೋಗುತ್ತದೆ; ಇನ್ನೊಂದು, ಎರಡು ಮುಳ್ಳುಗಳ ಏರ್ ಮೀಟರಿನಲ್ಲಿ ಒಂದು ಮುಳ್ಳು ತಳಕ್ಕೆ ಬಿದ್ದು ಮತ್ತೊಂದು ತನ್ನ ಎಂದಿನ ಎತ್ತರಕ್ಕೆ ಏರದೆ ಕೆಳಗೇ ತಡೆಯುತ್ತದೆ. ಬಿಡುವೇ ಇಲ್ಲದೆ ದುಡಿಯುವ ಕಂಪ್ರೆಸರ್ ಕಾಯುವುದರಿಂದ ಈ ಸ್ಥಿತಿಯಲ್ಲಿ ದೂರ ಓಡಿಸುವುದು ಸಲ್ಲದು.

ಗಾಳಿ ಹೋದರೆ ಬ್ರೇಕೂ ಹೋಗುತ್ತದೆ ಎಂಬ ಭಯ ಹೊಸದಲ್ಲ. ಮುಂಬಯಿ ಕಡೆಯಿಂದ ಬಂದ ರೈಲು ಹಳಿ ಮತ್ತು ಮದ್ರಾಸಿನ ಕಡೆಯಿಂದ ಬಂದ ಹಳಿ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ರೈಲಿಗೆ ಏರ್ ಬ್ರೇಕ್ ಅಳವಡಿಸಿ ಪೇಟೆಂಟ್ ಪಡೆದಿದ್ದನು. ಆ ಮೊದಲ ಮಾದರಿಯಲ್ಲಿ ಎಲ್ಲ ಬೋಗಿಗಳಿಗೂ ಒಂದೇ ಪೈಪಿನಿಂದ ಗಾಳಿ ಹೋಗುತ್ತಿದ್ದು, ಪೈಪು ಹರಿದರೆ ಇಡೀ ಗಾಡಿಗೆ ಬ್ರೇಕಿರುತ್ತಿರಲಿಲ್ಲ. 1872ರಲ್ಲಿ ಅವನೇ ರೂಪಿಸಿದ ಎರಡನೆಯ ಮಾದರಿಯಲ್ಲಿ ಗಾಳಿ ಹೋದಾಗ ಬ್ರೇಕು ತಾನಾಗಿ ಹಿಡಿಯುವಂತೆ ಏರ್ಪಾಡಾಯಿತು. ಇಂದಿನ ಲಾರಿಯ ಹ್ಯಾಂಡ್ ಬ್ರೇಕಿನಲ್ಲಿ ಇದೇ ತತ್ವವಿದೆ: ಹಿಂದಿನ ಗಾಲಿಗಳ ಬ್ರೇಕ್ ಡಬ್ಬಿಯಲ್ಲಿ ಒಂದು ಬಲವಾದ ಸ್ಪ್ರಿಂಗಿದ್ದು, ಗಾಳಿ ಅದನ್ನು ಹಿಂದಕ್ಕೆ ಹಿಡಿದಿರುತ್ತದೆ, ಗಾಳಿ ಇಳಿದರೆ ಸ್ಪ್ರಿಂಗು ಮುಂದೆ ಬಂದು ಬ್ರೇಕು ಕಚ್ಚುತ್ತದೆ. ರಕ್ಷಣಾ ಕವಾಟದ ಅವಶ್ಯಕತೆ ಇಲ್ಲಿ ಇನ್ನೊಂದು ಬಗೆಯಲ್ಲಿ ತೋರುತ್ತದೆ. ಹಾರ್ನಿನ ದಾರಿಯಲ್ಲೋ ಕ್ಲಚ್ ಬೂಸ್ಟರಿನಲ್ಲೋ ಇರುವ ಸೋರಿಕೆಯನ್ನು ಕವಾಟ ಬೇರ್ಪಡಿಸದೆ ಹೋದರೆ ಹ್ಯಾಂಡ್ ಬ್ರೇಕಿನ ಗಾಳಿಯೂ ನಿಧಾನವಾಗಿ ಇಳಿದು, ಸ್ಪ್ರಿಂಗು ಅರ್ಧಂಬರ್ಧ ಮುಂದೆ ಬಂದು, ಓಡುತ್ತಿರುವ ಗಾಲಿಯಲ್ಲಿ ಲೈನರ್ ಉಜ್ಜಿ ಡ್ರಮ್ ಕಾಯುತ್ತದೆ. ಡ್ರಮ್ಮಿನಿಂದ ಹೊಗೆ ಬಂದಾಗ ಲೈನರಿಗೂ ಡ್ರಮ್ಮಿಗೂ ನಡುವಿನ ಅಂತರ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರನ್ನು ಸಡಿಲಿಸಿಯೋ ಸ್ಪ್ರಿಂಗನ್ನು ಬೋಲ್ಟಿನಿಂದ ಹಿಂದೆ ಕಟ್ಟಿಯೋ ಗಾಡಿ ಮುಂದೆ ಸಾಗಿಸುವುದು ರೂಢಿಯಲ್ಲಿದೆ. ಹಾಗೆ ಮಾಡಿದವರು ರೋಗವನ್ನು ಗಾಲಿಯಲ್ಲಿ ಹುಡುಕಿದ್ದಾರೆ, ರೋಗವಿರುವುದು ಚಾಸಿಯ ನಡುವೆ.

ಇಲ್ಲಿ ಈ ಕವಾಟದ ಒಂದು ವಿಚಿತ್ರ ಗುಣವನ್ನು ಗಮನಿಸಬೇಕು. ಬ್ರೇಕಿನ ಲೈನರ್ ಸವೆದರೆ ಚಾಲಕನ ಕಾಲಿಗೆ ತಿಳಿಯುತ್ತದೆ, ಕಂಪ್ರೆಸರ್ ಸೋತರೆ ಗಾಳಿ ತುಂಬುವುದು ತಡವಾಗುತ್ತದೆ, ಪೈಪು ತೂತಾದರೆ ಸದ್ದಾಗುತ್ತದೆ. ರಕ್ಷಣಾ ಕವಾಟವಾದರೋ ಬೇರೊಂದು ಭಾಗ ಕೆಟ್ಟಾಗ ಮಾತ್ರ ಕೆಲಸ ಮಾಡುವ ವಸ್ತುವಾದ್ದರಿಂದ, ಅದರ ಒಳಗಿನ ಪೊರೆ ಗಟ್ಟಿಯಾಗಿ ಕೂರದಂತಾಗಿದ್ದರೂ ಉಳಿದೆಲ್ಲ ಸರಿಯಿರುವವರೆಗೆ ಎರಡೂ ಮುಳ್ಳುಗಳು ಎಂದಿನ ಜಾಗದಲ್ಲೇ ನಿಂತಿರುತ್ತವೆ. ರಾಯಚೂರಿನಿಂದ ಮಾನ್ವಿಗೆ, ಮಾನ್ವಿಯಿಂದ ಸಿಂಧನೂರಿಗೆ ಹೋಗುವ ಬಯಲು ರಸ್ತೆಯಲ್ಲಿ ಅಂಥ ಲಾರಿ ವರ್ಷಗಟ್ಟಲೆ ದೂರಿಲ್ಲದೆ ಓಡುತ್ತದೆ, ಅಕ್ಕಿ ಹೇರಿಕೊಂಡು ಕರಾವಳಿಯ ಘಟ್ಟ ಇಳಿಯುವ ದಿನ ಒಂದು ಪೈಪು ಕೈಕೊಟ್ಟರೆ ಕವಾಟದ ನಿಜಸ್ಥಿತಿ ತಿಳಿಯುತ್ತದೆ. ಆದ್ದರಿಂದ ಈ ಕವಾಟದ ಪಾಲನೆಯೆಂದರೆ ಮೊದಲನೆಯದಾಗಿ ಬೇಕೆಂದೇ ಒಂದು ಸೋರಿಕೆಯನ್ನು ಉಂಟುಮಾಡಿ ಕವಾಟ ಏನು ಮಾಡುತ್ತದೆಂದು ನೋಡುವುದು. ತುಂಬಿದ ಮೀಟರನ್ನು ನೋಡಿ ಕವಾಟ ಸರಿಯಿದೆಯೆಂದು ತೀರ್ಮಾನಿಸುವವರು ಪರೀಕ್ಷೆಯನ್ನೇ ಮಾಡಿಲ್ಲ.

ಪರೀಕ್ಷೆಗೆ ಬೇಕಾದದ್ದು ಸಮತಟ್ಟಾದ ಜಾಗ ಮತ್ತು ಅರ್ಧ ಗಂಟೆ. ಗಾಲಿಗಳಿಗೆ ಎರಡೂ ಕಡೆಯಿಂದ ಮರದ ದಿಮ್ಮಿಯನ್ನು ಅಡ್ಡ ಕೊಟ್ಟು, ಯಾರೂ ಗಾಡಿಯ ಅಡಿಯಲ್ಲಿ ಇಲ್ಲವೆಂದು ನೋಡಿಕೊಂಡು, ಅನ್‌ಲೋಡರ್ ಸದ್ದು ಮಾಡುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಬೇಕು. ಎರಡು ಮುಳ್ಳುಗಳೂ ಎಲ್ಲಿವೆಯೆಂದು ಬರೆದುಕೊಳ್ಳಬೇಕು. ಬಳಿಕ ಮುಂದಿನ ದಾರಿಯ ಟ್ಯಾಂಕಿನ ತಳದಲ್ಲಿರುವ ಡ್ರೈನ್ ವಾಲ್ವಿನ ಉಂಗುರವನ್ನು ಪಕ್ಕದಿಂದ ಎಳೆದು ಹಿಡಿದರೆ ಮೊದಲು ಗಾಳಿ ಭರ್ರೆಂದು ಬರುತ್ತದೆ, ಅದರೊಡನೆ ಕೆಲವೊಮ್ಮೆ ನಸುಗಂದು ನೀರು ಚಿಮ್ಮುತ್ತದೆ. ಕ್ಯಾಬಿನ್ನಿನಲ್ಲಿ ಕುಳಿತವನು ಮುಳ್ಳುಗಳ ಮೇಲೆ ಕಣ್ಣಿಡಬೇಕು: ಒಂದು ಮುಳ್ಳು ನೇರವಾಗಿ ಸೊನ್ನೆಗೆ ಇಳಿಯಬೇಕು, ಇನ್ನೊಂದು ಅಲುಗದೆ ನಿಲ್ಲಬೇಕು ಅಥವಾ ಮುಚ್ಚುವ ಒತ್ತಡದವರೆಗೆ ಇಳಿದು ಅಲ್ಲಿ ತಟ್ಟನೆ ನಿಲ್ಲಬೇಕು. ನಿಂತ ಮುಳ್ಳು ಹತ್ತು ನಿಮಿಷದಲ್ಲಿ ಮೆಲ್ಲಮೆಲ್ಲನೆ ತೆವಳುತ್ತಿದ್ದರೆ ಪೊರೆ ಪೂರ್ತಿ ಕೂತಿಲ್ಲ. ಎರಡು ಮುಳ್ಳುಗಳೂ ಜೊತೆಜೊತೆಯಾಗಿ ಕೆಳಗಿಳಿದರೆ ಆ ಗಾಡಿಯಲ್ಲಿ ಕವಾಟ ಇದ್ದೂ ಇಲ್ಲ. ಅನಂತರ ಡ್ರೈನನ್ನು ತೆರೆದೇ ಇಟ್ಟು ಎಂಜಿನ್ ಚಾಲೂ ಮಾಡಿದರೆ ಎರಡನೆಯ ಮುಳ್ಳು ಮೇಲೇರಿ ತೆರೆಯುವ ಒತ್ತಡದಲ್ಲಿ ನಿಲ್ಲಬೇಕು, ಅದೇ ಹೊತ್ತಿಗೆ ಖಾಲಿ ಟ್ಯಾಂಕಿನ ಡ್ರೈನಿನಿಂದ ಗಾಳಿ ಹೊರಬೀಳಲು ತೊಡಗಬೇಕು. ಇದೇ ಕ್ರಮವನ್ನು ಹಿಂದಿನ ಟ್ಯಾಂಕಿಗೂ ಅನ್ವಯಿಸಿ, ಆಮೇಲೆ ಫಿಟ್ಟರ್ ಒಬ್ಬನ ಕೈಯಿಂದ ಕ್ಲಚ್ ಬೂಸ್ಟರ್ ಅಥವಾ ಹಾರ್ನಿನ ಪೈಪಿನ ಕೂಡಿಕೆಯನ್ನು ಸಡಿಲಿಸಿ ನಾಲ್ಕನೆಯ ದಾರಿಯನ್ನೂ ಪರೀಕ್ಷಿಸಬೇಕು. ಅಮೆರಿಕದಲ್ಲಿ ಒತ್ತಡ ರಕ್ಷಣಾ ಕವಾಟವೆಂಬ ಹೆಸರಿನಿಂದ ಸಾಮಾನ್ಯವಾಗಿ ಕರೆಯುವುದು ಈ ನಾಲ್ಕನೆಯ ದಾರಿಯನ್ನು ಕಾಯುವ ಒಂಟಿ ಕವಾಟವನ್ನೇ. ಅಲ್ಲಿಯ ಲಾರಿಗಳಲ್ಲಿ ಅದು ಬ್ರೇಕಿನ ಟ್ಯಾಂಕುಗಳನ್ನು ಉಳಿದ ಉಪಕರಣಗಳ ಸೋರಿಕೆಯಿಂದ ಬೇರ್ಪಡಿಸುತ್ತದೆ.

ಈ ಪರೀಕ್ಷೆಗೆ ಮೊದಲು ಸಾಮಾನ್ಯ ಸೋರಿಕೆಯ ಅಳತೆ ತಿಳಿದಿರಬೇಕು, ಇಲ್ಲವಾದರೆ ಯಾವುದೋ ಕೂಡಿಕೆಯ ಸೋರಿಕೆಯನ್ನು ಕವಾಟದ ತಲೆಗೆ ಕಟ್ಟಿದಂತಾಗುತ್ತದೆ. ಅಮೆರಿಕದ ಚಾಲಕರ ಪರೀಕ್ಷೆಯಲ್ಲಿ ಎಂಜಿನ್ ನಿಲ್ಲಿಸಿ ಕಾಲ್ಬ್ರೇಕನ್ನು ಒತ್ತಿ ಹಿಡಿದಾಗ ಒಂಟಿ ಲಾರಿಯ ಒತ್ತಡ ನಿಮಿಷಕ್ಕೆ 3 ಪೌಂಡಿಗಿಂತ, ಟ್ರೈಲರ್ ಜೋಡಿಸಿದ್ದರೆ 4 ಪೌಂಡಿಗಿಂತ ಹೆಚ್ಚು ಇಳಿಯಕೂಡದು. ಇಲ್ಲಿಯೂ ಈ ಅಳತೆಯನ್ನು ಇಟ್ಟುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳಲ್ಲಿ ಹಳ್ಳಿಯಲ್ಲೇ ರಾತ್ರಿ ತಂಗುವ ವಸತಿ ಬಸ್ಸುಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ರಾತ್ರಿ ಬಿಟ್ಟಾಗ ಮುಳ್ಳು ಎಲ್ಲಿತ್ತು, ಬೆಳಗಿನ ಮೊದಲ ಟ್ರಿಪ್ಪಿಗೆ ಮುನ್ನ ಎಲ್ಲಿದೆ ಎಂಬುದನ್ನು ಚಾಲಕ ನೋಡಿ ಲಾಗ್ ಶೀಟಿನಲ್ಲಿ ಬರೆದರೆ ಖರ್ಚಿಲ್ಲದೆ ಒಂದು ಸೋರಿಕೆ ಪರೀಕ್ಷೆ ಮುಗಿಯುತ್ತದೆ, ಮತ್ತು ಒಂದೇ ಮುಳ್ಳು ಇಳಿದಿದೆಯೋ ಎರಡೂ ಇಳಿದಿವೆಯೋ ಎಂಬುದರಿಂದ ಸೋರಿಕೆ ಯಾವ ದಾರಿಯದೆಂದು ಡಿಪೊದ ಮೆಕ್ಯಾನಿಕ್ಕಿಗೆ ಮೊದಲೇ ತಿಳಿಯುತ್ತದೆ. ‘ಏರ್ ನಿಂದ್ರವಲ್ದು’ ಎಂಬ ಒಂದೇ ಮಾತಿನ ದೂರಿಗಿಂತ ಅದು ಎಷ್ಟೋ ಉಪಯುಕ್ತ.

ಕವಾಟ ಏಕೆ ಕೆಡುತ್ತದೆ ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಕವಾಟದ ಹೊರಗಿದೆ. ಮಳೆಗಾಲದಲ್ಲಿ 30 ಡಿಗ್ರಿ ಬಿಸಿಯಿದ್ದು ಗಾಳಿಯ ತೇವ ಶೇಕಡಾ 70ರಷ್ಟಿರುವ ದಿನ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 21 ಗ್ರಾಂ ನೀರು ಆವಿಯಾಗಿ ಕಲೆತಿರುತ್ತದೆ. ಟ್ಯಾಂಕಿನಲ್ಲಿ ಮೀಟರು 8 ಬಾರ್ ತೋರಿಸಬೇಕಾದರೆ ಅಂಥ 9 ಘನಮೀಟರ್ ಗಾಳಿಯನ್ನು ಒಂದು ಘನಮೀಟರಿನಲ್ಲಿ ಒತ್ತಿ ತುಂಬಬೇಕು, ಅಂದರೆ ಸುಮಾರು 190 ಗ್ರಾಂ ನೀರು ಅದರೊಡನೆ ಒಳಗೆ ಬಂತು. ಆದರೆ 40 ಡಿಗ್ರಿಯಲ್ಲಿ ಒಂದು ಘನಮೀಟರ್ ಜಾಗ ಆವಿಯಾಗಿ ಹಿಡಿದಿಟ್ಟುಕೊಳ್ಳಬಲ್ಲುದು ಸುಮಾರು 51 ಗ್ರಾಂ ಮಾತ್ರ, ಒತ್ತಡ ಎಷ್ಟೇ ಇರಲಿ ಈ ಮಿತಿ ಬದಲಾಗದು. ಉಳಿದ 140 ಗ್ರಾಂ ನೀರಾಗಿಯೇ ಬೀಳಬೇಕು. ಲಾರಿಯ ಟ್ಯಾಂಕು ಇಷ್ಟು ದೊಡ್ಡದಲ್ಲ, ಹಾಗಾಗಿ ಒಮ್ಮೆ ತುಂಬಿದಾಗ ಬೀಳುವ ನೀರು ಕೆಲವೇ ಗ್ರಾಂ; ಆದರೆ ಟ್ಯಾಂಕು ದಿನಕ್ಕೆ ಹಲವು ಸಲ ಖಾಲಿಯಾಗಿ ತುಂಬುತ್ತದೆ. ಸುಗ್ಗಿಯ ದಿನಗಳಲ್ಲಿ ಹಳ್ಳಿಹಳ್ಳಿಯಲ್ಲೂ ರಸ್ತೆಯ ಅರ್ಧಕ್ಕೆ ಭತ್ತವನ್ನೋ ಜೋಳವನ್ನೋ ಹರವಿ ಅಂಚಿಗೆ ಕಲ್ಲಿಟ್ಟಿರುತ್ತಾರೆ, ಕುರಿಹಿಂಡು ಅಡ್ಡ ಬರುತ್ತದೆ, ಊರ ಬಾಗಿಲಿಗೊಂದು ಹಂಪ್ ಇರುತ್ತದೆ. ಪ್ರತಿ ಬ್ರೇಕಿಗೂ ಒಂದಿಷ್ಟು ಗಾಳಿ ಖರ್ಚಾಗಿ ಅಷ್ಟೇ ಹೊಸ ತೇವ ಒಳಗೆ ಬರುತ್ತದೆ.

ಈ ನೀರು ಕಂಪ್ರೆಸರಿನಿಂದ ಜಾರಿ ಬಂದ ಎಂಜಿನ್ ಎಣ್ಣೆಯೊಡನೆ ಕಲೆತು ಬಿಳಿಚಿದ ಅಂಟು ಕೆಸರಾಗಿ, ಟ್ಯಾಂಕಿನ ತುಕ್ಕಿನ ಪುಡಿಯನ್ನೂ ಕೂಡಿಕೊಂಡು, ಕವಾಟದ ಲೋಹದ ಅಂಚಿನ ಮೇಲೆ ಕುಳಿತುಕೊಳ್ಳುತ್ತದೆ. ಪೊರೆಗೂ ಅಂಚಿಗೂ ನಡುವೆ ಕೂದಲೆಳೆಯಷ್ಟು ಕಸ ಸಿಕ್ಕಿಕೊಂಡರೂ ಸಾಕು, ಮುಚ್ಚಿದ ದಾರಿ ಸೋರುತ್ತದೆ. ಬೇಸಿಗೆಯಲ್ಲಿ ರಾಯಚೂರಿನ ಗಾಳಿ ಒಣಗಿರುವುದರಿಂದ ನೀರಿನ ಕಾಟ ತಗ್ಗುತ್ತದೆ, ಅದರ ಬದಲು 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಕಂಪ್ರೆಸರ್ ಮತ್ತಷ್ಟು ಕಾದು ಎಣ್ಣೆ ಇಂಗಾಲವಾಗಿ ಸುಟ್ಟು ಕಪ್ಪು ಪುಡಿಯಾಗಿ ಬರುತ್ತದೆ, ರಬ್ಬರು ಗಡುಸಾಗುತ್ತದೆ. ಗಡುಸಾದ ಪೊರೆಯ ನಡುವೆ ಲೋಹದ ಅಂಚು ಉಂಗುರದಂತೆ ಅಚ್ಚೊತ್ತಿರುವುದನ್ನು ಬಿಚ್ಚಿದ ಯಾವ ಹಳೆಯ ಕವಾಟದಲ್ಲಾದರೂ ನೋಡಬಹುದು. ಉಗುರಿನಿಂದ ಒತ್ತಿದರೆ ಆ ಗೆರೆ ಮರೆಯಾಗದಿದ್ದಲ್ಲಿ ಪೊರೆಯ ಆಯುಷ್ಯ ಮುಗಿದಿದೆ. ಆದ್ದರಿಂದ ಕವಾಟ ಬಾಳಬೇಕೆಂದರೆ ಗಾಳಿ ಒಣಗಿ ಶುದ್ಧವಾಗಿ ಬರಬೇಕು. ಏರ್ ಡ್ರೈಯರಿನ ಡಬ್ಬಿಯನ್ನು ತಯಾರಕರು ಹೇಳಿದ ಅವಧಿಗೆ ಬದಲಿಸಬೇಕು, ಅದರೊಳಗಿನ ತೇವ ಹೀರುವ ಗುಂಡುಗಳಿಗೆ ಒಮ್ಮೆ ಎಣ್ಣೆ ಹತ್ತಿದರೆ ಅವು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಡ್ರೈಯರ್ ಇರುವ ಗಾಡಿಯ ಟ್ಯಾಂಕಿನಿಂದ ನೀರು ಬಂದರೆ ಡಬ್ಬಿ ಸತ್ತಿದೆಯೆಂದೂ, ಎಣ್ಣೆ ಬಂದರೆ ಕಂಪ್ರೆಸರಿನ ರಿಂಗುಗಳು ಸವೆದಿವೆಯೆಂದೂ ತಿಳಿಯಬೇಕು; ಕಂಪ್ರೆಸರನ್ನು ಹಾಗೇ ಬಿಟ್ಟು ಕವಾಟವನ್ನು ಮಾತ್ರ ಹೊಸದು ಹಾಕಿದರೆ ಆ ಹಣ ಕೆಲವೇ ತಿಂಗಳಲ್ಲಿ ಕೆಸರಾಗುತ್ತದೆ. ದಿನದ ಕೊನೆಯಲ್ಲಿ ಟ್ಯಾಂಕಿನ ನೀರು ಬಿಡುವ ರೂಢಿಯಿರುವ ಚಾಲಕನು ವಾರಕ್ಕೊಮ್ಮೆ ಒಂದು ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ಇನ್ನೊಂದರ ಮುಳ್ಳನ್ನು ನೋಡಿದರೆ, ಮೇಲೆ ಹೇಳಿದ ಪರೀಕ್ಷೆಯ ಅರ್ಧ ಭಾಗ ಆ ಕೆಲಸದಲ್ಲೇ ಮುಗಿದಿರುತ್ತದೆ.

ಹೊರಗಿನಿಂದ ಬರುವ ಕೇಡು ಧೂಳಿನದು. ಪೊರೆಯ ಮೇಲಿನ ಸ್ಪ್ರಿಂಗಿನ ಕೋಣೆಗೆ ಉಸಿರಾಡಲು ಒಂದು ಸಣ್ಣ ತೂತಿರುತ್ತದೆ, ಅದರ ಮೇಲೆ ರಬ್ಬರಿನ ಕಿರು ಮುಚ್ಚಳವಿರುತ್ತದೆ. ಮಾನ್ವಿ, ದೇವದುರ್ಗಗಳ ಎರೆಮಣ್ಣು ಮಳೆಯಲ್ಲಿ ಚಾಸಿಗೆ ಮೆತ್ತಿ ಬಿಸಿಲಿಗೆ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಬಲ್ಕರುಗಳ ಮೇಲೆ ಹಾರುಬೂದಿ ನೆನೆದು ಗಾರೆಯಂತಾಗುತ್ತದೆ. ಈ ತೂತು ಮುಚ್ಚಿಹೋದಾಗ ಪೊರೆಯ ಅಂಚಿನಿಂದ ಜಿನುಗುವ ಅಲ್ಪ ಗಾಳಿ ಹೊರಹೋಗಲಾರದೆ ಸ್ಪ್ರಿಂಗಿನ ಕಡೆಯೇ ನಿಂತು ಅದರ ಬಲಕ್ಕೆ ತನ್ನ ಬಲವನ್ನೂ ಕೂಡಿಸುತ್ತದೆ, ಕಾರ್ಖಾನೆಯಲ್ಲಿ ಹೊಂದಿಸಿದ ಒತ್ತಡದ ಲೆಕ್ಕ ತಪ್ಪುತ್ತದೆ, ಆ ದಾರಿ ತಡವಾಗಿ ತೆರೆಯುತ್ತದೆ ಇಲ್ಲವೆ ತೆರೆಯುವುದೇ ಇಲ್ಲ. ತೂತನ್ನು ಕುಂಚದಿಂದ ಬಿಡಿಸಬೇಕು. ವಾಟರ್ ಸರ್ವಿಸಿನ ಜೋರುಧಾರೆಯನ್ನು ಅದಕ್ಕೆ ಗುರಿಯಿಟ್ಟರೆ ಮಣ್ಣಿನ ಬದಲು ನೀರು ಒಳಗೆ ಕೂರುತ್ತದೆ. ಬಿಡಿಸಿದ ಮೇಲೆ ಗಾಳಿ ತುಂಬಿದ ಸ್ಥಿತಿಯಲ್ಲಿ ಅಲ್ಲಿಗೆ ಸೋಪಿನ ನೀರು ಹಚ್ಚಿ ನೋಡಬೇಕು, ಗುಳ್ಳೆ ಒಂದೇ ಸಮನೆ ಉಬ್ಬುತ್ತಿದ್ದರೆ ಪೊರೆ ಹರಿದಿದೆ.

ಗ್ಯಾರೇಜಿನ ಬೆಂಚಿನ ಮೇಲೆ ನಡೆಯುವ ಕೆಲಸದ ಬಗ್ಗೆ ಕೆಲವು ಮಾತುಗಳನ್ನು ಖಂಡಿತವಾಗಿ ಹೇಳಬೇಕಾಗಿದೆ. ಬಿಚ್ಚಿದ ಭಾಗಗಳನ್ನೆಲ್ಲ ಡೀಸೆಲಿನಲ್ಲಿ ತೊಳೆಯುವ ಅಭ್ಯಾಸ ಲೋಹಕ್ಕೆ ಸರಿ, ರಬ್ಬರಿಗೆ ಸಲ್ಲದು, ಏಕೆಂದರೆ ಎಲ್ಲ ಜಾತಿಯ ರಬ್ಬರೂ ಡೀಸೆಲನ್ನು ತಾಳುವುದಿಲ್ಲ, ಕೆಲವು ಉಬ್ಬಿ ಆಕಾರ ಕಳೆದುಕೊಳ್ಳುತ್ತವೆ. ರಿಪೇರಿ ಕಿಟ್ಟಿನಲ್ಲಿ ಬಂದ ಪೊರೆ, ಓ-ರಿಂಗುಗಳನ್ನು ಅದರ ಜೊತೆ ಕೊಟ್ಟ ಗ್ರೀಸಿನಿಂದಲೇ ಕೂಡಿಸಬೇಕು, ಬೇರಿಂಗಿಗೆ ಹಚ್ಚುವ ಗ್ರೀಸು ಇಲ್ಲಿ ಬೇಡ. ಕೆಲವು ಕವಾಟಗಳ ಮೇಲಿರುವ ಹೊಂದಾಣಿಕೆ ತಿರುಪನ್ನು ‘ಸ್ವಲ್ಪ ಟೈಟ್ ಮಾಡಿದರೆ ಸೋರಿಕೆ ನಿಲ್ಲುತ್ತದೆ’ ಎಂಬ ನಂಬಿಕೆಯಿಂದ ಮುಟ್ಟುವವರಿದ್ದಾರೆ. ಸ್ಪ್ರಿಂಗು ಬಿಗಿದರೆ ತೆರೆಯುವ ಒತ್ತಡ ಅನ್‌ಲೋಡರಿನ ಮಟ್ಟವನ್ನು ಮೀರಿ ಆ ದಾರಿಗೆ ಗಾಳಿಯೇ ಹೋಗದಿರಬಹುದು, ಸಡಿಲಿಸಿದರೆ ಪೈಪು ಒಡೆದ ದಿನ ಉಳಿದ ದಾರಿಗಳಲ್ಲಿ ಅರೆಬರೆ ಗಾಳಿ ಮಾತ್ರ ಉಳಿಯಬಹುದು. ಪರೀಕ್ಷಾ ಮೀಟರುಗಳನ್ನು ಪ್ರತಿ ದಾರಿಗೂ ಜೋಡಿಸಿ ಅಳೆಯುವ ಅನುಕೂಲವಿಲ್ಲದ ಕಡೆ ಆ ತಿರುಪಿಗೆ ಕೈ ಹಾಕಬಾರದು. ಹೊಸ ಗಾಡಿಗಳಲ್ಲಿ ಡ್ರೈಯರ್, ಅನ್‌ಲೋಡರ್, ರಕ್ಷಣಾ ಕವಾಟ ಮೂರೂ ಒಂದೇ ಘಟಕವಾಗಿ ಬರುತ್ತಿರುವುದರಿಂದ ಅಲ್ಲಿ ಈ ಪ್ರಲೋಭನೆಗೆ ಅವಕಾಶ ಕಡಿಮೆ, ಬೆಲೆ ಮಾತ್ರ ಹೆಚ್ಚು.

ಬೆಲೆಯ ಮಾತಿನಿಂದಲೇ ಅತ್ಯಂತ ಅಪಾಯದ ರೂಢಿ ಹುಟ್ಟಿದೆ. ಕೆಟ್ಟ ಕವಾಟವನ್ನು ತೆಗೆದು ಅದರ ಜಾಗದಲ್ಲಿ ಟೀ ಜಾಯಿಂಟುಗಳಿಂದ ಎಲ್ಲ ಪೈಪುಗಳನ್ನೂ ನೇರವಾಗಿ ಕೂಡಿಸಿ ಬಿಡುವುದು, ಹಾರ್ನಿಗೋ ಟೈರಿಗೆ ಹವಾ ಹಿಡಿಯುವ ಪೈಪಿಗೋ ಬ್ರೇಕಿನ ಟ್ಯಾಂಕಿನಿಂದಲೇ ಕವಲು ತೆಗೆಯುವುದು ಇವೆರಡರ ಪರಿಣಾಮವೂ ಒಂದೇ, ಗಾಡಿ ವೆಸ್ಟಿಂಗ್‌ಹೌಸನ 1869ರ ಮಾದರಿಗೆ ಹಿಂದಿರುಗುತ್ತದೆ. ಹೀಗೆ ಕವಲು ತೆಗೆದು ಕೂಡಿಸುವ ಬಹುಸ್ವರದ ಹಾರ್ನಂತೂ ಕೇಂದ್ರ ಮೋಟಾರು ವಾಹನ ನಿಯಮಗಳ 119ನೆಯ ನಿಯಮದಡಿ ಮೊದಲೇ ನಿಷಿದ್ಧ. ಕಿವಿಗೆ ಹಿಂಸೆಯೆಂಬ ಕಾರಣದಿಂದ ನಿಷೇಧಿಸಿದ ವಸ್ತು ಬ್ರೇಕಿಗೂ ಶತ್ರುವೆಂಬುದನ್ನು ಹಾರ್ನು ಹಾಕಿಸಿಕೊಳ್ಳುವವರು ಎಣಿಸಿರುವುದಿಲ್ಲ. ನಿಗಮದ ಡಿಪೊಗೆ ಬಸ್ಸು ಮರಳಿ ಬರುತ್ತದೆ, ಅಲ್ಲಿ ನಿಯತವಾದ ತಪಾಸಣೆಗೆ ಜನರಿದ್ದಾರೆ. ಒಂದೇ ಲಾರಿಯ ಮಾಲೀಕನಿಗೆ ಸುಗ್ಗಿಯ ವಾರದಲ್ಲಿ ಗಾಡಿ ಅರ್ಧ ದಿನ ನಿಂತರೂ ಬಾಡಿಗೆ ಹೋಗುತ್ತದೆ, ಆದ್ದರಿಂದ ಟೀ ಜಾಯಿಂಟು ಅವನಿಗೆ ಅಗ್ಗವಾಗಿ ತೋರುವುದು ಸಹಜ. ಭತ್ತದ ಹಂಗಾಮು ಆರಂಭವಾಗುವ ಮೊದಲು, ಬಾಡಿಗೆ ತೆಳುವಾಗಿರುವ ದಿನಗಳಲ್ಲಿ ಕವಾಟದ ಕೆಲಸ ಮುಗಿಸುವುದೇ ಅವನಿಗೆ ಉಳಿದ ದಾರಿ.

ಸಾರಿಗೆ ವಾಹನಗಳು 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆಯೂ ಅನಂತರ ಪ್ರತಿ ವರ್ಷವೂ ಅರ್ಹತಾ ಪತ್ರ, ಜನರ ಮಾತಿನಲ್ಲಿ ಎಫ್‌ಸಿ, ನವೀಕರಿಸಬೇಕು. ಆ ಸಂದರ್ಭದಲ್ಲಿ ನೋಡುವುದು ಗಾಳಿ ಪೂರ್ತಿ ತುಂಬಿದ ಗಾಡಿಯ ಬ್ರೇಕು ಎಷ್ಟು ಬಲವಾಗಿ ಹಿಡಿಯುತ್ತದೆ ಎಂಬುದನ್ನು. ಗಾಲಿಗಳನ್ನು ಉರುಳೆಗಳ ಮೇಲಿಟ್ಟು ಅಳೆಯುವ ಯಂತ್ರವೂ ಅದನ್ನೇ ಅಳೆಯುತ್ತದೆ. ಒಂದು ದಾರಿ ಖಾಲಿಯಾದಾಗ ಉಳಿದವು ಏನಾಗುತ್ತವೆ ಎಂಬುದನ್ನು ಆ ಅಳತೆ ಹೇಳಲಾರದು, ಹಾಗಾಗಿ ಎಫ್‌ಸಿಗೆ ಮುಂಚಿನ ಗ್ಯಾರೇಜಿನ ಕೆಲಸದಲ್ಲೇ ಆ ಪರೀಕ್ಷೆಯನ್ನು ಸೇರಿಸಬೇಕಾಗುತ್ತದೆ. ಲೈನರ್, ವ್ಹೀಲ್ ಗ್ರೀಸು, ಬಣ್ಣ ಎಂದು ಬರೆಯುವ ಬಿಲ್ಲಿನಲ್ಲೇ ಪ್ರೊಟೆಕ್ಷನ್ ವಾಲ್ವ್ ಪರೀಕ್ಷೆ ಎಂಬ ಒಂದು ಸಾಲು ಸೇರಿಸಿ, ಎದುರಿಗೆ ನಾಲ್ಕು ದಾರಿಗಳ ಮುಚ್ಚುವ ಒತ್ತಡವನ್ನೂ ಪರೀಕ್ಷೆಯ ತಾರೀಖನ್ನೂ ಬರೆಸಿಕೊಂಡರೆ ಮುಂದಿನ ವರ್ಷದ ಅಂಕಿಯನ್ನು ಹಿಂದಿನದರ ಪಕ್ಕದಲ್ಲಿಟ್ಟು ನೋಡಬಹುದು. ಒಂದು ದಾರಿಯ ಅಂಕಿ ಐದೂವರೆಯಿಂದ ನಾಲ್ಕಕ್ಕೆ ಇಳಿದಿದ್ದರೆ ಮೀಟರಿನ ಮುಳ್ಳು ಏನೇ ಹೇಳಲಿ, ಆ ಕವಾಟವನ್ನು ಅಲ್ಲಿಯೇ ಬದಲಿಸಬೇಕು.